ಕಥೆಯ ಎಳೆಗೆ ಒಡೆಯನಿಲ್ಲ: ಚಲನಚಿತ್ರ ಮತ್ತು ಕೃತಿಸ್ವಾಮ್ಯ

'ನನ್ನ ಕಥೆಯನ್ನು ಕದ್ದು ಚಿತ್ರ ಮಾಡಿದ್ದಾರೆ' ಎಂಬ ದೂರು ಭಾರತೀಯ ಚಿತ್ರರಂಗಕ್ಕೆ ಹೊಸದೇನಲ್ಲ. ಇಂತಹ ವಿವಾದಗಳು ನ್ಯಾಯಾಲಯದ ಮೆಟ್ಟಿಲೇರಿದಾಗ ಮೊದಲು ಉಲ್ಲೇಖಗೊಳ್ಳುವ ತೀರ್ಪು, ಆರ್.ಜಿ. ಆನಂದ್ ಮತ್ತು ಡೀಲಕ್ಸ್ ಫಿಲ್ಮ್ಸ್ ನಡುವಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1978ರ ಆಗಸ್ಟ್‌ನಲ್ಲಿ ನೀಡಿದ್ದು.

ಪ್ರಕರಣದ ಹಿನ್ನೆಲೆ

ವೃತ್ತಿಯಿಂದ ವಾಸ್ತುಶಿಲ್ಪಿಯಾಗಿದ್ದ ಆನಂದ್ 1953ರಲ್ಲಿ 'ಹಮ್ ಹಿಂದೂಸ್ತಾನಿ' ಎಂಬ ಹಿಂದಿ ನಾಟಕ ರಚಿಸಿದರು. ದೆಹಲಿಯಲ್ಲಿ ನೆರೆಹೊರೆಯವರಾದ ಪಂಜಾಬಿ ಮತ್ತು ಮದರಾಸಿ ಕುಟುಂಬಗಳ ಮಕ್ಕಳ ಪ್ರೇಮಕ್ಕೆ ಪ್ರಾಂತೀಯ ಭಾವನೆ ಅಡ್ಡಿಯಾಗುವುದು ಅದರ ವಸ್ತು. 1954ರ ಫೆಬ್ರವರಿಯಲ್ಲಿ ಅದು ರಂಗವೇರಿತು. ನಿರ್ದೇಶಕ ಮೋಹನ್ ಸೆಹಗಲ್ ಆಸಕ್ತಿ ತೋರಿದಾಗ, 1955ರ ಜನವರಿಯಲ್ಲಿ ಆನಂದ್ ಇಡೀ ನಾಟಕವನ್ನು ಅವರಿಗೆ ಓದಿ ಹೇಳಿದರು. ಒಪ್ಪಂದವಾಗಲಿಲ್ಲ. 1956ರಲ್ಲಿ ಕಿಶೋರ್ ಕುಮಾರ್ ಹಾಗೂ ವೈಜಯಂತಿಮಾಲಾ ಅಭಿನಯದ 'ನ್ಯೂ ಡೆಲ್ಲಿ' ತೆರೆ ಕಂಡಿತು. ಅದರಲ್ಲೂ ಪಂಜಾಬಿ ಯುವಕ, ತಮಿಳು ಯುವತಿ, ಅದೇ ಪ್ರಾಂತೀಯತೆ. ಆನಂದ್ ಪರಿಹಾರ ಕೋರಿ ದಾವೆ ಹೂಡಿದರು.

ತೀರ್ಪಿನ ಸಾರ

ವಿಚಾರಣಾ ನ್ಯಾಯಾಲಯ ಮತ್ತು ದೆಹಲಿ ಹೈಕೋರ್ಟ್ ಎರಡರಲ್ಲೂ ಆನಂದ್‌ಗೆ ಸೋಲಾಯಿತು. ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳು ನಾಟಕ ಓದಿ, ಚಿತ್ರ ವೀಕ್ಷಿಸಿ, ಮೇಲ್ಮನವಿಯನ್ನು ವಜಾ ಮಾಡಿದರು. ನ್ಯಾಯಮೂರ್ತಿ ಫಜಲ್ ಅಲಿ ವಿವರಿಸಿದ ತತ್ವಗಳು ಹೀಗಿವೆ:

* ವಿಚಾರ, ವಸ್ತು, ಕಥಾ ಎಳೆ, ಐತಿಹಾಸಿಕ ಸಂಗತಿಗಳಿಗೆ ಕೃತಿಸ್ವಾಮ್ಯವಿಲ್ಲ. ಅವುಗಳನ್ನು ನಿರೂಪಿಸಿದ ರೂಪ, ಜೋಡಣೆ ಮತ್ತು ಅಭಿವ್ಯಕ್ತಿಗೆ ಮಾತ್ರ ರಕ್ಷಣೆ.
* ಎರಡೂ ಕೃತಿಗಳನ್ನು ಕಂಡ ಪ್ರೇಕ್ಷಕನಿಗೆ, ಎರಡನೆಯದು ಮೊದಲಿನದರ ನಕಲೆಂಬ ನಿಸ್ಸಂದೇಹ ಭಾವನೆ ಮೂಡಬೇಕು.
* ಹೋಲಿಕೆಯ ಜೊತೆಗೆ ವ್ಯಾಪಕ ಭಿನ್ನತೆಗಳಿದ್ದರೆ ಅದು ಉಲ್ಲಂಘನೆಯಲ್ಲ.
* ಸ್ಪಷ್ಟ ಸಾಕ್ಷ್ಯ ಒದಗಿಸುವ ಹೊಣೆ ದೂರುದಾರನದು.

ಬಾಡಿಗೆ ಮನೆ ನೀಡುವಲ್ಲಿನ ಪ್ರಾಂತೀಯತೆ ಹಾಗೂ ವರದಕ್ಷಿಣೆ ಪಿಡುಗು ಚಿತ್ರದಲ್ಲಿದ್ದು, ನಾಟಕದಲ್ಲಿ ಇರಲಿಲ್ಲ. ಪೀಠವು ಇದಕ್ಕೆ ಹೆಚ್ಚಿನ ಮಹತ್ವ ನೀಡಿತು. ಆದರೂ ನಿರ್ಧಾರ ಸುಲಭವಾಗಿರಲಿಲ್ಲ. ಪ್ರಕರಣವನ್ನು ಹೊಸದಾಗಿ ಪರಿಶೀಲಿಸಿದ್ದರೆ ತಮ್ಮ ಅಭಿಪ್ರಾಯ ಆನಂದ್ ಪರವಾಗಿರಬಹುದಿತ್ತೆಂದು ನ್ಯಾಯಮೂರ್ತಿ ಆರ್.ಎಸ್. ಪಾಠಕ್ ಸೂಚಿಸಿದರು. ಕೆಳಗಿನ ಎರಡೂ ನ್ಯಾಯಾಲಯಗಳು ಒಂದೇ ನಿರ್ಣಯಕ್ಕೆ ಬಂದಿದ್ದರಿಂದ ಅವರು ಅದನ್ನು ಬದಲಿಸಲಿಲ್ಲ.

ಇಂದಿನ ಕಾನೂನು

'ನ್ಯೂ ಡೆಲ್ಲಿ' ಪ್ರಕರಣಕ್ಕೆ ಅನ್ವಯವಾದದ್ದು ಬ್ರಿಟಿಷ್ ಕಾಲದ ಕಾನೂನು. ಈಗಿರುವುದು 1958ರ ಜನವರಿಯಲ್ಲಿ ಜಾರಿಗೆ ಬಂದ 1957ರ ಕೃತಿಸ್ವಾಮ್ಯ ಕಾಯ್ದೆ. ಕೃತಿ ರಚನೆಯಾದೊಡನೆ ಹಕ್ಕು ಲಭಿಸುತ್ತದೆ. ನೋಂದಣಿ ಕಡ್ಡಾಯವಲ್ಲ, ಆದರೆ ಸಾಕ್ಷ್ಯವಾಗಿ ಉಪಯುಕ್ತ. ಉದ್ದೇಶಪೂರ್ವಕ ಉಲ್ಲಂಘನೆಗೆ ಮೂರು ವರ್ಷಗಳವರೆಗೆ ಸೆರೆವಾಸ ಹಾಗೂ ಎರಡು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು.

ಬರಹಗಾರನ ಮುಂದಿನ ದಾರಿ

ಕೃತಿಸ್ವಾಮ್ಯ ನೆರವಿಗೆ ಬಾರದ ಕಡೆ ಗೋಪ್ಯತೆಯ ನಿಯಮ ನೆರವಾಗಬಲ್ಲದು. ಜೀ ಟೆಲಿಫಿಲ್ಮ್ಸ್ ಮತ್ತು ಸನ್‌ಡಯಲ್ ಕಮ್ಯುನಿಕೇಷನ್ಸ್ ನಡುವಿನ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ 2003ರಲ್ಲಿ, ವಿಶ್ವಾಸದಿಂದ ಒಪ್ಪಿಸಿದ ಧಾರಾವಾಹಿ ಪರಿಕಲ್ಪನೆಯ ಬಳಕೆಗೆ ತಡೆ ನೀಡಿದ ಆದೇಶವನ್ನು ಎತ್ತಿಹಿಡಿಯಿತು. ಪರಿಕಲ್ಪನೆಯು ಸಾಕಷ್ಟು ಬೆಳೆದ, ಸ್ಪಷ್ಟ ರೂಪ ಪಡೆದಿರಬೇಕೆಂಬುದು ಇಲ್ಲಿನ ಷರತ್ತು.

ಆದ್ದರಿಂದ ಬಾಯಿಮಾತಿನಲ್ಲಿ ಕಥೆ ಹೇಳುವ ಮೊದಲು ಅದನ್ನು ವಿವರವಾಗಿ ಬರೆದಿಡುವುದು, ಯಾರಿಗೆ ಯಾವಾಗ ನೀಡಲಾಯಿತೆಂಬ ದಾಖಲೆ ಇರಿಸಿಕೊಳ್ಳುವುದು, ಗೋಪ್ಯತೆಯ ಒಪ್ಪಂದ ಪಡೆಯುವುದು ಬರಹಗಾರನ ಹಿತಕ್ಕೆ ಅಗತ್ಯ.