ಅಂಗೈ ಮೇಲೊಂದು ಮೋಟಾರು ಯುಗ



ಇತಿಹಾಸದ ಆಧಾರಗಳು ಯಾವುವು ಎಂದು ಪರೀಕ್ಷೆಯಲ್ಲಿ ಕೇಳಿದರೆ ಶಾಸನ, ನಾಣ್ಯ, ತಾಳೆಗರಿ, ಕಟ್ಟಡ ಎಂದು ನೀವು ಬರೆಯುತ್ತೀರಿ. ಆ ಉತ್ತರ ಸರಿಯೇ. ಆದರೆ ಇಪ್ಪತ್ತನೆಯ ಶತಮಾನದ ಇತಿಹಾಸಕ್ಕೆ ಬಂದಾಗ ಆ ಪಟ್ಟಿ ಸಾಲದು. ಆ ಶತಮಾನದ ಜನಜೀವನವನ್ನು ಬದಲಿಸಿದ ವಸ್ತುಗಳಲ್ಲಿ ಮೋಟಾರು ಕಾರೂ ಒಂದು. ಅದರ ಕಥೆಯನ್ನು ಕಣ್ಣಿನಿಂದಲ್ಲದೆ ಕೈಯಿಂದಲೂ ಓದುವ ಒಂದು ಹವ್ಯಾಸವಿದೆ. ಹಳೆಯ ಕಾರುಗಳ ಪ್ಲಾಸ್ಟಿಕ್ ಮಾದರಿಗಳನ್ನು ಬಿಡಿಭಾಗಗಳಿಂದ ಜೋಡಿಸುವುದೇ ಆ ಹವ್ಯಾಸ.

ಅಂಗಡಿಯಲ್ಲಿ ಸಿಗುವ ಆಟದ ಕಾರಿಗೂ ಇದಕ್ಕೂ ವ್ಯತ್ಯಾಸವಿದೆ. ಕಿಟ್ ಎಂದು ಕರೆಯುವ ಈ ಪೆಟ್ಟಿಗೆಯಲ್ಲಿ ಕಾರು ಇರುವುದಿಲ್ಲ, ಕಾರಿನ ಭಾಗಗಳಿರುತ್ತವೆ. ಎಂಜಿನ್, ಚಾಸಿ, ಆಸನ, ಸ್ಟಿಯರಿಂಗ್, ಚಕ್ರ ಎಲ್ಲವೂ ಬೇರೆ ಬೇರೆಯಾಗಿ ಒಂದು ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡಿರುತ್ತವೆ. ಅವುಗಳನ್ನು ಕತ್ತರಿಸಿ, ಉಜ್ಜಿ, ಬಣ್ಣ ಹಚ್ಚಿ, ಅಂಟಿಸಬೇಕು. ಅಮೆರಿಕ, ಇಂಗ್ಲೆಂಡ್, ಜಪಾನ್‌ಗಳಲ್ಲಿ ಕೆಲಸದಿಂದ ನಿವೃತ್ತರಾದ ಅನೇಕರು ಈ ಹವ್ಯಾಸದಲ್ಲಿ ತೊಡಗುತ್ತಾರೆ. ಅರವತ್ತು ದಾಟಿದವರಿಗೆ ಈ ಮಕ್ಕಳಾಟ ಏಕೆ ಎಂದು ನೀವು ಕೇಳಬಹುದು.

ಕಲ್ಯಾಣದ ದೊರೆ ಬರೆದ ವಿನೋದಗಳು

ಆ ಪ್ರಶ್ನೆಗೆ ಉತ್ತರವನ್ನು ನಮ್ಮ ಬೀದರ್ ಜಿಲ್ಲೆಯ ಬಸವಕಲ್ಯಾಣದಿಂದಲೇ ಹುಡುಕಲು ಆರಂಭಿಸೋಣ. ಹನ್ನೊಂದನೆಯ ಶತಮಾನದ ನಡುಭಾಗದಲ್ಲಿ ಚಾಲುಕ್ಯ ಚಕ್ರವರ್ತಿ ಒಂದನೆಯ ಸೋಮೇಶ್ವರನು ರಾಜಧಾನಿಯನ್ನು ಮಾನ್ಯಖೇಟದಿಂದ ಈ ಊರಿಗೆ ತಂದನು. ಅದೇ ವಂಶದ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದನು. ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬುದು ಅದರ ಇನ್ನೊಂದು ಹೆಸರು. ತಲಾ ಇಪ್ಪತ್ತು ಅಧ್ಯಾಯಗಳ ಐದು ಭಾಗಗಳು, ಒಟ್ಟು ನೂರು ಅಧ್ಯಾಯಗಳು ಈ ಗ್ರಂಥದಲ್ಲಿವೆ. ರಾಜ್ಯವನ್ನು ಪಡೆಯುವುದಕ್ಕೂ ಅದನ್ನು ಭದ್ರಪಡಿಸುವುದಕ್ಕೂ ಎರಡು ಭಾಗಗಳನ್ನು ಮೀಸಲಿಟ್ಟ ಈ ದೊರೆ, ಉಪಭೋಗ, ವಿನೋದ, ಕ್ರೀಡೆಗಳಿಗೆ ಉಳಿದ ಮೂರು ಭಾಗಗಳನ್ನು ಕೊಟ್ಟಿದ್ದಾನೆ. ಮೀನು ಹಿಡಿಯುವುದನ್ನೂ ಆತ ಶ್ರದ್ಧೆಯಿಂದ ವಿವರಿಸುತ್ತಾನೆ. ಬಿಡುವಿನ ವೇಳೆಯ ಕೆಲಸವೂ ವಿದ್ಯೆಯೇ, ಅದಕ್ಕೂ ಕ್ರಮವಿದೆ ಎಂಬುದು ಆ ಗ್ರಂಥದಿಂದ ತಿಳಿಯುವ ಮಾತು.

ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಮೂರು ಸಂಗತಿಗಳು ಅದರಲ್ಲಿವೆ. ಮೊದಲನೆಯದು ಅಂಟು. ಎಮ್ಮೆಯ ಚರ್ಮವನ್ನು ಕುದಿಸಿ ತಯಾರಿಸುವ ವಜ್ರಲೇಪವನ್ನು ಚಿತ್ರಕಾರರಿಗಾಗಿ ಅದು ಹೇಳಿಕೊಡುತ್ತದೆ. ಎರಡನೆಯದು ಅಳತೆ. ಮೂರ್ತಿಯ ಅಂಗಾಂಗಗಳನ್ನು ತಾಳಮಾನದಿಂದ ಲೆಕ್ಕ ಹಾಕುವುದನ್ನು ಅದು ತಿಳಿಸುತ್ತದೆ. ಮೂರ್ತಿ ಚಿಕ್ಕದಿರಲಿ, ದೊಡ್ಡದಿರಲಿ, ಅಂಗಗಳ ಪ್ರಮಾಣ ಕೆಡಬಾರದು. ಮೂರನೆಯದು ಅಚ್ಚು. ಮೇಣದಲ್ಲಿ ಮೂರ್ತಿ ಮಾಡಿ, ಅದರ ಮೇಲೆ ಮಣ್ಣು ಮೆತ್ತಿ, ಕಾಯಿಸಿ, ಮೇಣ ಕರಗಿ ಹೋದ ಜಾಗಕ್ಕೆ ಲೋಹ ಸುರಿಯುವ ವಿಧಾನವನ್ನು ಅದು ವಿವರಿಸುತ್ತದೆ. ಮೇಣವನ್ನು ಮೊದಲೇ ತೂಗಿ, ಅದರ ತೂಕಕ್ಕೆ ಇಂತಿಷ್ಟು ಪಟ್ಟು ಲೋಹ ಎಂದು ನಿಗದಿ ಮಾಡಬೇಕಂತೆ. ತಾಮ್ರಕ್ಕಿಂತ ಬೆಳ್ಳಿಗೆ, ಬೆಳ್ಳಿಗಿಂತ ಚಿನ್ನಕ್ಕೆ ಈ ಪಟ್ಟು ಹೆಚ್ಚು. ನೀವು ಭೌತಶಾಸ್ತ್ರದಲ್ಲಿ ಓದುವ ಸಾಂದ್ರತೆಯ ಪಾಠವೇ ಇದು.

ಅಂಟು, ಅಳತೆ, ಅಚ್ಚು ಈ ಮೂರೇ ಮಾದರಿ ಕಾರಿನ ಅಡಿಪಾಯವೂ ಹೌದು. ಇಟಗಿ, ಲಕ್ಕುಂಡಿಗಳ ಕಲ್ಯಾಣ ಚಾಲುಕ್ಯ ದೇಗುಲಗಳ ಹೊರಗೋಡೆಗಳಲ್ಲಿ ಪೂರ್ಣ ಶಿಖರಗಳ ಪುಟ್ಟ ಪ್ರತಿರೂಪಗಳನ್ನು ಕೆತ್ತಿರುವುದನ್ನು ಮುಂದೆ ಪ್ರವಾಸ ಹೋದಾಗ ಗಮನಿಸಿ. ದೊಡ್ಡದನ್ನು ಪ್ರಮಾಣ ಕೆಡದಂತೆ ಚಿಕ್ಕದಾಗಿ ಮಾಡುವುದು ನಮ್ಮ ನೆಲಕ್ಕೆ ಹೊಸ ವಿದ್ಯೆಯೇನೂ ಅಲ್ಲ.

ಚಿಕ್ಕದಾದರೆ ಏನೇನು ಬದಲಾಗುತ್ತದೆ?

ಕಾರಿನ ಮಾದರಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರಮಾಣಗಳು 1:24 ಮತ್ತು 1:25. ಒಂದು ಅಡಿಗೆ ಅರ್ಧ ಅಂಗುಲವೆಂದರೆ 1:24. ಸುಮಾರು 4.3 ಮೀಟರ್ ಉದ್ದದ ಅಂಬಾಸಡರ್ ಕಾರು ಈ ಪ್ರಮಾಣದಲ್ಲಿ 18 ಸೆಂಟಿಮೀಟರ್ ಆಗುತ್ತದೆ. ಆದರೆ ಉದ್ದ 24 ಪಟ್ಟು ಕಡಿಮೆಯಾದಾಗ ಮೇಲ್ಮೈ 576 ಪಟ್ಟು, ಗಾತ್ರ 13,824 ಪಟ್ಟು ಕಡಿಮೆಯಾಗುತ್ತದೆ. ಬಣ್ಣಕ್ಕೆ ಮಾತ್ರ ಈ ಲೆಕ್ಕ ಗೊತ್ತಿಲ್ಲ! ಮಾದರಿಯ ಮೇಲೆ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಬಣ್ಣ ಬಳಿದರೆ, ನಿಜವಾದ ಕಾರಿಗೆ ಸುಮಾರು ಎರಡೂವರೆ ಮಿಲಿಮೀಟರ್ ದಪ್ಪ ಬಳಿದಂತೆ. ಬಾಗಿಲಿನ ಗೆರೆಗಳೆಲ್ಲ ಮುಚ್ಚಿ ಹೋಗುತ್ತವೆ. ಆದ್ದರಿಂದಲೇ ಅನುಭವಿಗಳು ತೆಳುವಾಗಿ, ಹಲವು ಸಲ, ಒಣಗಲು ಬಿಟ್ಟು ಬಣ್ಣ ಹಚ್ಚುತ್ತಾರೆ.

ಟೆಲಿವಿಷನ್ ಕೆಲಸದಲ್ಲಿರುವ ನಮಗೂ ಈ ಲೆಕ್ಕ ಬೇಕಾಗುತ್ತದೆ. ಕ್ಯಾಮರಾವನ್ನು ಪುಟ್ಟ ಕಾರಿನ ಎತ್ತರಕ್ಕೆ ಇಳಿಸಿ ಚಿತ್ರಿಸಿದರೆ ನಿಂತ ಮಾದರಿ ನಿಜವೆಂದೇ ತೋರುತ್ತದೆ. ಅದು ಮೇಜಿನಿಂದ ಬಿದ್ದಿತೋ, ಗುಟ್ಟು ರಟ್ಟಾಗುತ್ತದೆ. ಬೀಳಲು ಹಿಡಿಯುವ ಕಾಲ ಎತ್ತರದ ವರ್ಗಮೂಲಕ್ಕೆ ಅನುಗುಣವಾದದ್ದು. 24ರ ವರ್ಗಮೂಲ ಹೆಚ್ಚುಕಡಿಮೆ 5. ಹೀಗಾಗಿ ಸೆಕೆಂಡಿಗೆ 25 ಚಿತ್ರಗಳ ಬದಲು ಸುಮಾರು 120 ಚಿತ್ರಗಳನ್ನು ತೆಗೆದು ನಿಧಾನವಾಗಿ ತೋರಿಸಿದಾಗ ಮಾತ್ರ ಅದಕ್ಕೆ ನಿಜವಾದ ಕಾರಿನ ಭಾರ ಬರುತ್ತದೆ.

ಕಿಟ್‌ಗಳು ಹುಟ್ಟಿ ಬೆಳೆದ ಬಗೆ

1936ರಲ್ಲಿ ಇಂಗ್ಲೆಂಡಿನ ಫ್ರಾಗ್ ಕಂಪನಿ ‘ಪೆಂಗ್ವಿನ್’ ಹೆಸರಿನಲ್ಲಿ ಜೋಡಿಸುವ ವಿಮಾನದ ಕಿಟ್‌ಗಳನ್ನು ಮಾರುಕಟ್ಟೆಗೆ ತಂದಿತು. ಅವು ಸೆಲ್ಯುಲೋಸ್ ಅಸಿಟೇಟ್‌ನಿಂದ ಮಾಡಿದವು. ಎರಡನೆಯ ಮಹಾಯುದ್ಧದ ನಂತರ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಮುನ್ನೆಲೆಗೆ ಬಂದಿತು. ಸುಮಾರು 200 ಡಿಗ್ರಿ ಸೆಲ್ಷಿಯಸ್ ಶಾಖದಲ್ಲಿ ಕರಗಿಸಿ, ಒತ್ತಡದಿಂದ ಉಕ್ಕಿನ ಅಚ್ಚಿನೊಳಗೆ ನುಗ್ಗಿಸಿದರೆ ಅದು ಬೇಗನೆ ಗಟ್ಟಿಯಾಗುತ್ತದೆ. ಕೂದಲೆಳೆಯಂಥ ಗೆರೆಯೂ ಅದರಲ್ಲಿ ಮೂಡುತ್ತದೆ. ಅದರ ಅಂಟೂ ವಜ್ರಲೇಪದಂತಲ್ಲ. ಅದು ಪ್ಲಾಸ್ಟಿಕ್ಕನ್ನೇ ಕರಗಿಸುವ ದ್ರಾವಣ. ಎರಡು ತುಂಡುಗಳ ಅಣುಸರಪಳಿಗಳು ಒಂದರೊಳಗೊಂದು ಹೆಣೆದುಕೊಂಡು, ದ್ರಾವಣ ಆರಿದ ಮೇಲೆ ಒಂದೇ ತುಂಡಾಗುತ್ತವೆ.

ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿ 1949ರಲ್ಲಿ ಫರ್ಗ್ಯೂಸನ್ ಟ್ರ್ಯಾಕ್ಟರಿನ ಮಾದರಿಯನ್ನು ತಯಾರಿಸಿತು. ಅದರ ಉದ್ದೇಶ ಆಟವಲ್ಲ, ಟ್ರ್ಯಾಕ್ಟರಿನ ಪ್ರಚಾರ. ಅಮೆರಿಕದಲ್ಲಿ ರೆವೆಲ್ ಕಂಪನಿ 1950ರ ದಶಕದ ಆರಂಭದಲ್ಲಿ ಫೋರ್ಡ್ ಮಾಡೆಲ್ ಟಿ ಮುಂತಾದ ಹಳೆಯ ಕಾರುಗಳ ಕಿಟ್‌ಗಳನ್ನು ತಂದಿತು. 1948ರಲ್ಲಿ ಮಿಷಿಗನ್‌ನಲ್ಲಿ ಆರಂಭವಾದ ಎ.ಎಂ.ಟಿ. ಕಂಪನಿಯದು ಇನ್ನೂ ಸ್ವಾರಸ್ಯದ ಕಥೆ. ಕಾರು ಮಾರುವ ಮಳಿಗೆಗಳಿಗೆ ಪ್ರಚಾರದ ಪುಟ್ಟ ಕಾರುಗಳನ್ನು ಮಾಡಿಕೊಡುತ್ತಿದ್ದ ಅದು, 1958ರಲ್ಲಿ ಆ ವರ್ಷದ ಕಾರುಗಳ ಕಿಟ್‌ಗಳನ್ನೇ ಹೊರತಂದಿತು. ಒಂದೇ ಪೆಟ್ಟಿಗೆಯ ಭಾಗಗಳಿಂದ ಮೂರು ಬಗೆಯಲ್ಲಿ ಕಾರನ್ನು ಕಟ್ಟಬಹುದಾಗಿತ್ತು.

ಜಪಾನಿನ ಷಿಜುಒಕಾದ ತಮಿಯಾ ಕಂಪನಿ 1946ರಲ್ಲಿ ಮರದ ವ್ಯಾಪಾರವಾಗಿ ಹುಟ್ಟಿತು. ಮರದ ಮಾದರಿಗಳನ್ನು ಮಾಡುತ್ತಿದ್ದ ಅದು 1960ರಲ್ಲಿ ಪ್ಲಾಸ್ಟಿಕ್ಕಿಗೆ ಬಂದಿತು. 1976ರಲ್ಲಿ ಪೋರ್ಷೆ 934 ಕಾರಿನ ಕಿಟ್ ಹೊರಡಿಸುವ ಮುನ್ನ ಅದರ ಒಡೆಯರು ನಿಜವಾದ ಪೋರ್ಷೆ ಕಾರೊಂದನ್ನೇ ಕೊಂಡು, ಬಿಚ್ಚಿ ಅಭ್ಯಾಸ ಮಾಡಿಸಿದರು.

ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಉಕ್ಕಿನ ಅಚ್ಚು ಬಹಳ ದುಬಾರಿಯಾದದ್ದು. ಆದ್ದರಿಂದ ಕಾರಿನ ರೂಪ ಮರುವರ್ಷ ಬದಲಾದಾಗ, ಹಿಂದಿನ ವರ್ಷದ ಅಚ್ಚನ್ನೇ ಕೊರೆದು ತಿದ್ದಿ ಹೊಸ ವರ್ಷದ ಕಾರಿಗೆ ಬಳಸುತ್ತಿದ್ದರು. ಹಾಗೆ ತಿದ್ದಿದ ಮೇಲೆ ಹಳೆಯದನ್ನು ಮತ್ತೆ ಎರಕ ಹೊಯ್ಯಲಾಗದು. ಅಂದಿನಿಂದ ಯಾರದೋ ಅಟ್ಟದ ಮೇಲೆ ಉಳಿದ ಪೆಟ್ಟಿಗೆಗಳೇ ಅದಕ್ಕೆ ಸಾಕ್ಷಿ. ಮೇಣದೆರಕದ ಮಣ್ಣಿನ ಅಚ್ಚು ಒಂದೇ ಮೂರ್ತಿಗೆ ಒಡೆಯುತ್ತದೆ. ಉಕ್ಕಿನ ಅಚ್ಚು ಸಾವಿರಾರು ಕಾರುಗಳಾದ ಮೇಲೆ ಅಳಿಯುತ್ತದೆ. ಶಾಶ್ವತವಾದದ್ದು ಎರಡೂ ಅಲ್ಲ.

ನಿವೃತ್ತಿಯ ವಯಸ್ಸಿಗೆ ಈ ಕೆಲಸ ಏಕೆ?

1958ರಲ್ಲಿ ಹತ್ತು ವರ್ಷದವನಾಗಿದ್ದ ಹುಡುಗ 2008ರಲ್ಲಿ ಅರವತ್ತು ತುಂಬಿದ ಹಿರಿಯ. ಬಾಲ್ಯದಲ್ಲಿ ಕೊಳ್ಳಲಾಗದ ಕಿಟ್ ಈಗ ಕೈಗೆಟುಕುತ್ತದೆ, ಆಗ ಇಲ್ಲದ ತಾಳ್ಮೆಯೂ ಬಂದಿರುತ್ತದೆ. ಅರ್ಧ ಶತಮಾನ ಹಳೆಯ ಪೆಟ್ಟಿಗೆ ತೆರೆದಾಗ ತೊಡಕುಗಳೂ ಹೊರಬರುತ್ತವೆ. ಅಸಿಟೇಟ್‌ನಲ್ಲಿ ಮಾಡಿದ ಹಳೆಯ ಭಾಗಗಳು ಸೊಟ್ಟಗಾಗಿರುತ್ತವೆ. ನೀರಿನಲ್ಲಿ ನೆನೆಸಿ ಅಂಟಿಸುವ ಚಿತ್ರಪಟ್ಟಿಗಳು ಹಳದಿಗಟ್ಟಿರುತ್ತವೆ. ಅವನ್ನು ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಕೆಲದಿನ ಅಂಟಿಸಿಟ್ಟು ಬಿಳುಪು ಮಾಡುವುದುಂಟು.

ಚೂಪಾದ ಚಾಕು, ಚಿಮಟ, ಉಪ್ಪು ಕಾಗದ, ಕುಂಚ ಇಷ್ಟಿದ್ದರೆ ಕೆಲಸ ಆರಂಭಿಸಬಹುದು. ಗಾಳಿಯಾಡುವ ಜಾಗದಲ್ಲಿ ಕುಳಿತುಕೊಳ್ಳಬೇಕು, ಏಕೆಂದರೆ ಅಂಟಿನ ಮತ್ತು ಬಣ್ಣದ ಆವಿ ಒಳ್ಳೆಯದಲ್ಲ. ದಿನಕ್ಕೆ ಒಂದು ಗಂಟೆ ಸಾಕು. ಇಂದು ಹಚ್ಚಿದ ಬಣ್ಣ ನಾಳೆಯವರೆಗೆ ಒಣಗಬೇಕು, ಆದ್ದರಿಂದ ನಾಳೆಗೂ ಒಂದು ಕೆಲಸ ಉಳಿಯುತ್ತದೆ. ಕಚೇರಿಗೆ ಹೋಗುವುದು ನಿಂತ ಮೇಲೆ ದಿನಗಳೆಲ್ಲ ಒಂದೇ ತರಹ ಕಾಣುವವರಿಗೆ ಇದೇನು ಸಣ್ಣ ಲಾಭವಲ್ಲ.

ನಮ್ಮ ರಸ್ತೆಯ ಕಾರುಗಳು

ಈಗ ನಮ್ಮ ಕಡೆಗೆ ಬರೋಣ. ಪುಣೆ–ಹೈದರಾಬಾದ್ ಹೆದ್ದಾರಿ ಬಸವಕಲ್ಯಾಣದ ಬದಿಯಿಂದ ಸಾಗಿ ಹುಮನಾಬಾದನ್ನು ಹಾಯುತ್ತದೆ. ಹಿಂದೆ ಅದು 9ನೆಯ ರಾಷ್ಟ್ರೀಯ ಹೆದ್ದಾರಿ, ಈಗ 65. 1956ರ ನವೆಂಬರ್ 1ರಂದು ಬೀದರ್ ಜಿಲ್ಲೆ ಹೈದರಾಬಾದ್ ರಾಜ್ಯದಿಂದ ಬಂದು ಮೈಸೂರು ರಾಜ್ಯವನ್ನು ಸೇರಿತು. ಅದರ ಬೆನ್ನಲ್ಲೇ, ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಆಧರಿಸಿದ ಅಂಬಾಸಡರ್ ನಮ್ಮ ದೇಶದಲ್ಲಿ ತಯಾರಾಗತೊಡಗಿತು. ದಶಕಗಳ ಕಾಲ ಅಧಿಕಾರಿ, ಮಂತ್ರಿ, ಟ್ಯಾಕ್ಸಿಯವರು ಎಲ್ಲರೂ ಅದನ್ನೇ ಏರಿದರು. ಹೊರರೂಪ ಅಷ್ಟಾಗಿ ಬದಲಾಗಲಿಲ್ಲ. ಆದರೆ ಮುಂದಿನ ಗ್ರಿಲ್ ಮಾರ್ಕ್ 1ರಿಂದ ಮಾರ್ಕ್ 2ಕ್ಕೆ ಬದಲಾಯಿತು, 1992ರಲ್ಲಿ ಇಸುಝು ಎಂಜಿನ್ ಒಳಸೇರಿತು. 2014ರ ಮೇ ತಿಂಗಳಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ಅದರ ತಯಾರಿಕೆ ನಿಂತಿತು. ಪ್ರೀಮಿಯರ್ ಪದ್ಮಿನಿಯ ಕೊನೆಯ ಟ್ಯಾಕ್ಸಿಗಳು 2023ರ ಅಕ್ಟೋಬರ್‌ನಲ್ಲಿ ಮುಂಬಯಿಯ ಬೀದಿಗಳಿಂದ ಮರೆಯಾದವು. 2001ರಲ್ಲಿ ಬೆಂಗಳೂರಿನಿಂದ ಹೊರಬಂದ ವಿದ್ಯುತ್ ಕಾರು ‘ರೇವಾ’ ಕೂಡ ಈಗ ತಯಾರಾಗುತ್ತಿಲ್ಲ. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ ನವೀಕರಿಸುವಂತಿಲ್ಲ. ಕಚೇರಿಗಳ ಹಿಂದೆ ನಿಂತಿದ್ದ ಹಳೆಯ ವಾಹನಗಳು ಗುಜರಿಗೆ ಹೋಗುವ ಕಾಲವಿದು.

ಅಮೆರಿಕದ ಕಾರು ಗುಜರಿಗೆ ಹೋದರೂ ಅದರ ಅಳತೆ ಸಾವಿರಾರು ಮೇಜುಗಳ ಮೇಲೆ ಉಳಿದಿದೆ. ಅಲ್ಲಿನ ಕಾರುಗಳಿಗೆ ಸಿಕ್ಕಷ್ಟು ಕಿಟ್‌ಗಳ ಸಂಪತ್ತು ನಮ್ಮ ರಸ್ತೆಯ ವಾಹನಗಳಿಗೆ ಸಿಗಲಿಲ್ಲ. ಅಂಬಾಸಡರಿನ ಆಟಿಕೆಗಳು ಸಿಗುತ್ತವೆ, ನಿಜ. ಆದರೆ ಇಂಥ ವರ್ಷದ, ಇಂಥ ಊರಿನ, ಇಂಥ ಕೆಲಸಕ್ಕೆ ಬಳಸಿದ ಕಾರು ಹೇಗಿತ್ತು ಎಂಬುದನ್ನು ಆಟಿಕೆ ಹೇಳಲಾರದು. ಅದನ್ನು ಉಳಿಸಬೇಕಾದವರು ನಾವೇ.

ಇದಕ್ಕೆ ಆಮದು ಕಿಟ್ ಬೇಕಿಲ್ಲ. ದಪ್ಪ ರಟ್ಟು ಇಲ್ಲವೇ ಪ್ಲಾಸ್ಟಿಕ್ ಹಾಳೆ, ಅಳತೆಯ ಟೇಪು, ಒಂದು ನೋಟ್‌ಬುಕ್ ಇದ್ದರೆ ಸಾಕು. ಹಳೆಯ ವಾಹನ ಕಂಡರೆ ಒಡೆಯರ ಅನುಮತಿ ಕೇಳಿ ಅಳೆಯಿರಿ. ಒಟ್ಟು ಉದ್ದ, ಅಗಲ, ಎತ್ತರ, ಎರಡು ಗಾಲಿಗಳ ನಡುವಿನ ದೂರ, ಗಾಲಿಯ ವ್ಯಾಸ ಎಲ್ಲವನ್ನೂ ಬರೆದುಕೊಂಡು 24ರಿಂದ ಭಾಗಿಸಿ. ಫೋಟೊ ತೆಗೆಯುವಾಗ ಹತ್ತಿರ ಹೋಗಬೇಡಿ. ಹತ್ತಿರದ ಚಿತ್ರದಲ್ಲಿ ಮುಂಭಾಗ ಉಬ್ಬಿ ಅಳತೆ ಕೆಡುತ್ತದೆ. ದೂರ ನಿಂತು, ಜೂಮ್ ಮಾಡಿ, ನೇರ ಮುಂದಿನಿಂದ ಮತ್ತು ನೇರ ಪಕ್ಕದಿಂದ ತೆಗೆಯಿರಿ. ನಂಬರ್ ಪ್ಲೇಟನ್ನೂ ಬರೆದುಕೊಳ್ಳಿ. ಎಂ.ವೈ. ಎಂದಿದ್ದರೆ ಅದರಲ್ಲಿ ಮೈಸೂರು ರಾಜ್ಯದ ನೆನಪಿದೆ, ಕೆ.ಎ. 38 ಎಂದರೆ ಬೀದರ್, ಕೆ.ಎ. 56 ಎಂದರೆ ಬಸವಕಲ್ಯಾಣ.

ಇದಕ್ಕಿಂತ ಮುಖ್ಯವಾದ ಕೆಲಸ ಇನ್ನೊಂದಿದೆ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಲಾರಿ, ಜೀಪು, ಬಸ್ಸು ಓಡಿಸಿ ನಿವೃತ್ತರಾದ ಹಿರಿಯರಿರಬಹುದು, ಮೆಕ್ಯಾನಿಕ್ ಆಗಿದ್ದವರಿರಬಹುದು. ಆ ಮುತ್ಯಾನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾದರಿ ಮಾಡಿ. ಗೇರ್ ಎಲ್ಲಿತ್ತು, ಆಸನಕ್ಕೆ ಯಾವ ಬಟ್ಟೆ ಹೊಲಿಸುತ್ತಿದ್ದರು, ಯಾವ ಏರಿನಲ್ಲಿ ಎಂಜಿನ್ ಕಾಯುತ್ತಿತ್ತು ಎಂದು ಕೇಳಿ. “ಅಲ್ಲಪ್ಪಾ, ಆ ಹಿಡಿ ಅಲ್ಲಿರಲಿಲ್ಲ” ಎಂದು ಅವರು ತಿದ್ದುವ ಮಾತು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಕೆಲಸ ನಿಮ್ಮ ಕೈಯದು, ಕಣ್ಣು ಅವರದು. ಮಾದರಿ ಮುಗಿದ ಮೇಲೆ ಅದರ ಅಡಿಯಲ್ಲಿ ವಾಹನದ ವರ್ಷ, ಊರು, ಅಳತೆ ತೆಗೆದ ದಿನಾಂಕ ಬರೆದಿಡಿ. ಆ ಮೂರು ಸಾಲುಗಳಿದ್ದರೆ ಅದು ಆಟಿಕೆಯಾಗಿ ಉಳಿಯುವುದಿಲ್ಲ, ಆಧಾರವಾಗುತ್ತದೆ. ಮುಂದೊಂದು ದಿನ ಈ ರಸ್ತೆಯ ಇತಿಹಾಸ ಬರೆಯುವವರಿಗೆ ಅದು ಬೇಕಾಗುತ್ತದೆ.