ಬಾಡಿ ಬದಲಾವಣೆ

ಒಂದು ಕಾರಿನ ಬಾಡಿಯನ್ನು ಕಳಚಿ ಬೇರೊಂದು ವಾಹನದ ಚಾಸಿಯ ಮೇಲೆ ಕೂರಿಸುವ ಕೆಲಸ. ಬಾಡಿ, ಚಾಸಿ ಬೇರೆಬೇರೆಯಾಗಿರುವ ಗಾಡಿಗಳಲ್ಲಿ ಇದು ಸಲೀಸು. ಎರಡೂ ಒಂದೇ ಆಗಿರುವ ಮಾನೊಕಾಕ್ ಕಾರುಗಳಲ್ಲಿ ಪಡಿಪಾಟಲೇ ಹೆಚ್ಚು. ಪ್ರಸಿದ್ಧ ಉದಾಹರಣೆ, ಕ್ಯಾಲಿಫೋರ್ನಿಯಾದ ಬ್ರೂಸ್ ಮೇಯರ್ಸ್ 1960ರ ದಶಕದಲ್ಲಿ ರೂಪಿಸಿದ ಮೇಯರ್ಸ್ ಮ್ಯಾಂಕ್ಸ್ ಬಗ್ಗಿ ಕಾರಿನ ಕಿಟ್. ಮೊದಲ ಕೆಲವನ್ನು ಬಿಟ್ಟರೆ, ಈ ಕಿಟ್‌ಗಳಿಗೆ ಫೋಕ್ಸ್‌ವ್ಯಾಗನ್ ಬೀಟಲ್‌ನ ತಳವೇ ಆಧಾರ. ಹಳೆಯ ಬಾಡಿ ಎತ್ತಿಟ್ಟು, ತಳದಲ್ಲಿ ಸುಮಾರು 37 ಸೆಂ.ಮೀ. ಕತ್ತರಿಸಿ ತೆಗೆದು, ಮತ್ತೆ ಬೆಸುಗೆ ಹಾಕಿ, ಫೈಬರ್‌ಗ್ಲಾಸ್ ಚಿಪ್ಪನ್ನು ಬೋಲ್ಟು ಬಿಗಿದು ಕೂರಿಸುತ್ತಿದ್ದರು. ತಳ ಗಿಡ್ಡವಾದ ಮೇಲೆ ಗೇರ್ ರಾಡು, ಬ್ರೇಕ್ ಕೊಳವೆಗಳೂ ಗಿಡ್ಡವಾಗಲೇಬೇಕು. ಬೆಸುಗೆ ಕೂದಲೆಳೆ ಓರೆಯಾದರೂ ಗಾಡಿ ಏಡಿಯಂತೆ ಅಡ್ಡಡ್ಡ ಎಳೆಯುತ್ತದೆ. ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಂಥ ಮಾರ್ಪಾಡುಗಳಿಗೆ ಕಡಿವಾಣ ಹಾಕಿದೆ.