ಕಾಲೇಜು ಹುಡುಕುವ ಮೊದಲು ಪುದುಚೇರಿ

ಪಿಯುಸಿಯಲ್ಲಿ ಅಂಕ ಹೆಚ್ಚು ಸಿಗುತ್ತದೆಂದು ಫ್ರೆಂಚ್ ತೆಗೆದುಕೊಳ್ಳುವ ಮಕ್ಕಳು ಬಹಳ. ಅವರಲ್ಲಿ ಕೆಲವರಿಗೆ ಭಾಷೆಯೇ ಹಿಡಿಸಿಬಿಡುತ್ತದೆ. "ಮೇಡಂ, ಮುಂದೆ ಯಾವ ಕಾಲೇಜು?" ಎಂದು ಕೇಳಿಕೊಂಡು ಬರುವವರು ಅವರೇ. ಮೈಸೂರಿನಲ್ಲಿ ಫ್ರೆಂಚ್ ಪಾಠ ಹೇಳಿಕೊಂಡು ಬಂದಿರುವ ನಾನು ಶುಲ್ಕ, ಸೀಟುಗಳ ಮಾತಿಗಿಂತ ಮುಂಚೆ ಪುದುಚೇರಿಯ ಕಥೆ ಹೇಳುತ್ತೇನೆ.

ಫ್ರೆಂಚರು ಆಳುತ್ತಿದ್ದ ಆ ಊರಿನಲ್ಲಿ ಫ್ರೆಂಚ್ ಅನ್ನದ ಭಾಷೆಯಾಗಿತ್ತು. ಕೋರ್ಟಿನ ವಾದಕ್ಕೆ, ನೋಟರಿಯ ಪತ್ರಕ್ಕೆ, ಸರ್ಕಾರಿ ನೌಕರಿಗೆ ಅದು ಬೇಕೇ ಬೇಕಿತ್ತು. ಗವರ್ನರ್ ರಿಷ್ಮೋನ್ ಕಾಲದಲ್ಲಿ, 1826ರಲ್ಲಿ, ರಾಯಲ್ ಕಾಲೇಜು ಶುರುವಾಯಿತು. ಈಗಿನ ಲಿಸೇ ಫ್ರಾಂಸೆ ಶಾಲೆ ಅದೇ. ಮರುವರ್ಷವೇ ಸಾರ್ವಜನಿಕ ಗ್ರಂಥಾಲಯ ಬಂತು. ಪಾಠದ ಬೆನ್ನಿಗೇ ಪುಸ್ತಕ ಬಂದ ಈ ಕ್ರಮ ನನಗೆ ತುಂಬ ಮುಖ್ಯವೆನಿಸುತ್ತದೆ. 1877ರಲ್ಲಿ ಕಲ್ವೆ ಸುಬ್ಬರಾಯ ಚೆಟ್ಟಿಯಾರ್ ಎಂಬ ಸ್ಥಳೀಯ ಧನಿಕರು ಇನ್ನೊಂದು ಕಾಲೇಜು ಸ್ಥಾಪಿಸಿದರು. ಮಿಷನ್ ಬೀದಿಯಲ್ಲಿ ಅದು ಇವತ್ತಿಗೂ ಇದೆ. ತಮಿಳು ಕವಿ ಭಾರತಿದಾಸನ್ ಓದಿದ್ದು ಅಲ್ಲೇ. ಆಳುವವರು ಕೊಟ್ಟಾಗ ಕಲಿಯೋಣ ಎಂದು ಕಾಯದೆ ಊರಿನವರೇ ಒಬ್ಬರು ಮುಂದೆ ಬಂದರಲ್ಲ, ಆ ಕಟ್ಟಡ ಕಂಡಾಗಲೆಲ್ಲ ಕೈ ಮುಗಿಯಬೇಕು ಅನ್ನಿಸುತ್ತದೆ. ಪ್ಯಾರಿಸ್ಸಿನಲ್ಲಿ 1883ರಲ್ಲಿ ಹುಟ್ಟಿದ, ಫ್ರೆಂಚ್ ಕಲಿಸುವ ಅಲಿಯಾನ್ಸ್ ಫ್ರಾಂಸೇಸ್ ಸಂಸ್ಥೆ ಕೂಡ 1889ಕ್ಕೇ ಪುದುಚೇರಿ ತಲುಪಿತ್ತು. ಬೆಂಗಳೂರಿಗೆ ಬರಲು ಅದಕ್ಕೆ ಇನ್ನೂ ಹಲವು ದಶಕ ಬೇಕಾದವು. ಅರವಿಂದಾಶ್ರಮದ ಶಾಲೆ ತೆರೆದದ್ದು 1943ರಲ್ಲಿ. ಅಲ್ಲಿ ಗಣಿತ, ವಿಜ್ಞಾನವನ್ನು ಫ್ರೆಂಚಿನಲ್ಲೇ ಕಲಿಸುತ್ತಾರೆ.

1954ರ ನವೆಂಬರ್ 1ರಂದು ಆಡಳಿತ ಭಾರತದ ಕೈಗೆ ಬಂತು. ಜನಪ್ರತಿನಿಧಿಗಳು ಬೇರೆ ತೀರ್ಮಾನ ಮಾಡುವವರೆಗೆ ಫ್ರೆಂಚೇ ಅಧಿಕೃತ ಭಾಷೆ ಎಂದು 1956ರ ಒಪ್ಪಂದ ಹೇಳಿತು. ಆದರೆ ಕಚೇರಿಯ ಅಗತ್ಯ ಕರಗುತ್ತಾ ಹೋಯಿತು. ಭಾಷೆಗೆ ಆಗ ಹೊಸ ಕೆಲಸ ಕೊಟ್ಟದ್ದು ಸಂಶೋಧನೆ. 1955ರಲ್ಲಿ ಜ್ಯಾಂ ಫಿಲಿಯೋಜಾ ನೇತೃತ್ವದಲ್ಲಿ ಫ್ರೆಂಚ್ ಇನ್‌ಸ್ಟಿಟ್ಯೂಟ್ ಆರಂಭವಾಯಿತು. ಅಲ್ಲಿ ಸಂಗ್ರಹವಾದ ಶೈವಾಗಮಗಳ ಹಸ್ತಪ್ರತಿಗಳು ಜಗತ್ಪ್ರಸಿದ್ಧ. ನಮಗೆ ಇನ್ನೂ ಹತ್ತಿರದ ಸಂಗತಿಯೊಂದಿದೆ: 1980ರ ದಶಕದಲ್ಲಿ ಅಲ್ಲಿನ ಸಸ್ಯವಿಜ್ಞಾನಿ ಜ್ಯಾಂ-ಪಿಯೇರ್ ಪಾಸ್ಕಲ್ ಪಶ್ಚಿಮಘಟ್ಟದ ಕಾಡುಗಳ ನಕ್ಷೆ ಮಾಡಿದರು. ಮಡಿಕೇರಿ, ಶಿವಮೊಗ್ಗದ ಕಡೆಯ ಕಾಡುಗಳೆಲ್ಲ ಅದರಲ್ಲಿವೆ. ನಿತ್ಯಹರಿದ್ವರ್ಣ ಕಾಡುಗಳ ಬಗೆಗಿನ ಅವರ ದೊಡ್ಡ ಗ್ರಂಥ 1984ರಲ್ಲಿ ಬಂದದ್ದು ಫ್ರೆಂಚಿನಲ್ಲಿ.

ಅದಕ್ಕೇ ಮಕ್ಕಳಿಗೆ ಹೇಳುತ್ತೇನೆ: ಕಾಲೇಜು ನೋಡಲು ಹೋದಾಗ ಮೊದಲು ಅದರ ಗ್ರಂಥಾಲಯಕ್ಕೆ ಹೋಗಿ. ಫ್ರೆಂಚ್ ಪುಸ್ತಕಗಳು ಕಪಾಟಿನಿಂದ ಹೊರಗೆ ಬರುತ್ತವೆಯೇ ನೋಡಿ. ತರಗತಿ ಮುಗಿದ ಮೇಲೂ ಆ ಭಾಷೆಯಲ್ಲಿ ಕೆಲಸ ಮಾಡುವವರು ಆ ಊರಿನಲ್ಲಿ ಯಾರಿದ್ದಾರೆ, ಅವರ ಬಳಿ ನಿಮ್ಮನ್ನು ಕಳಿಸುತ್ತಾರೆಯೇ ಎಂದು ಮೇಷ್ಟರನ್ನೇ ಕೇಳಿ. ಫಲಿತಾಂಶದ ಪಟ್ಟಿ ಆಮೇಲೆ ನೋಡಿದರಾಯಿತು.